ಕಳ್ಳರಿಲ್ಲದ ಠಾಣೆ, ಕಳ್ಳಲೆಕ್ಕದ ವರದಿ

ತಂಬ್ರಹಳ್ಳಿಯ ಚಾದಂಗಡಿಯಲ್ಲಿ ಈಚೆಗೆ ಒಬ್ಬ ಬಟ್ಟೆ ವ್ಯಾಪಾರಿ ಸಿಕ್ಕಿದ. ಸಂತೆಯಿಂದ ಸಂತೆಗೆ ಗಂಟು ಹೊತ್ತು ತಿರುಗುವ ಮನುಷ್ಯ. ಬೇರೊಂದು ಊರಿನ ಸಂತೆಯಲ್ಲಿ ಅವನ ಒಂಬತ್ತು ಸಾವಿರ ರೂಪಾಯಿ ಮಾಲಿನ ಗಂಟನ್ನು ಹಾಡುಹಗಲೇ ಯಾರೋ ಎತ್ತಿಕೊಂಡು ಹೋದರು. ಠಾಣೆಗೆ ಓಡಿದ. ಅಲ್ಲಿ ದೊರೆತ ನ್ಯಾಯವೇನು? "ಕಳುವಾಯಿತೆಂದು ಬರೆಯಬೇಡ. ಬಸ್ಸಿನಲ್ಲಿ ಮರೆತೆನೆಂದು ಬರೆದುಕೊಡು, ಸಿಕ್ಕರೆ ಹೇಳಿ ಕಳಿಸುತ್ತೇವೆ." ಗಂಟು ಸಿಗಲಿಲ್ಲ. ಆದರೆ ಆ ತಿಂಗಳ ಲೆಕ್ಕದಲ್ಲಿ ಒಂದು ಕಳುವು ಕಡಿಮೆಯಾಯಿತು! ಕಳ್ಳನೂ ಸುಖಿ, ಠಾಣೆಯೂ ಸುಖಿ. ಬೀದಿಗೆ ಬಿದ್ದವನು ವ್ಯಾಪಾರಿ ಒಬ್ಬನೇ.

ಮಹಾಜನರೇ, ಇದು ಯಾರೋ ಒಬ್ಬ ದಫೇದಾರನ ಸೋಮಾರಿತನದ ಕಥೆಯಲ್ಲ. ಪೋಲೀಸು ಇಲಾಖೆಯ ಕೆಲಸವನ್ನು ಅಳೆಯುವ ಸೇರಿನ ತಳವೇ ತೂತಾಗಿದೆ ಎಂಬುದರ ಕಥೆ.

ನಾನು ಕೆಲವು ವರ್ಷ ಮಾಸ್ತರಿಕೆ ಮಾಡಿದವನು. ನೂರಕ್ಕೆ ನೂರು ಫಲಿತಾಂಶ ಬೇಕೆಂದು ಮೇಲಿನವರು ಗದರಿಸಿದಾಗ ಏನು ನಡೆಯುತ್ತದೆಂದು ಕಣ್ಣಾರೆ ಕಂಡಿದ್ದೇನೆ. ಹಿಂದೆ ಬಿದ್ದ ಹುಡುಗನಿಗೆ ಪಾಠ ಹೇಳುವುದಿಲ್ಲ, ಅವನನ್ನು ಪರೀಕ್ಷೆಗೇ ಕೂಡಿಸುವುದಿಲ್ಲ. ಫಲಿತಾಂಶ ನೂರಾಗುತ್ತದೆ, ಹುಡುಗ ಕುರಿ ಕಾಯಲು ಹೋಗುತ್ತಾನೆ. ಠಾಣೆಯಲ್ಲಿಯೂ ಹಾಗೆಯೇ. "ನಿನ್ನ ಸರಹದ್ದಿನಲ್ಲಿ ಅಪರಾಧ ಏಕೆ ಹೆಚ್ಚಿತು?" ಎಂದು ಮೇಲಧಿಕಾರಿ ಕೇಳುವ ತನಕ, ಕಳ್ಳನನ್ನು ಹಿಡಿಯುವುದಕ್ಕಿಂತ ಫಿರ್ಯಾದಿಯನ್ನು ಹೊರಗಟ್ಟುವುದು ಸುಲಭ. ಬಂದ ಫಿರ್ಯಾದನ್ನೆಲ್ಲ ಪ್ರಾಮಾಣಿಕವಾಗಿ ಬರೆದುಕೊಂಡ ಅಧಿಕಾರಿಯೇ ಕೊನೆಗೆ ಕೈಲಾಗದವನೆನಿಸುತ್ತಾನೆ!

ಇನ್ನು ಅಂಕಿಗಳ ಗಾರುಡಿಯನ್ನು ನೋಡಿ. ಇಡೀ ದೇಶದ ಅಪರಾಧಗಳ ವಾರ್ಷಿಕ ವರದಿ ಆರಂಭವಾದದ್ದು 1953ನೆಯ ಇಸವಿಯ ಲೆಕ್ಕದಿಂದ; ನಮ್ಮ ಬಳ್ಳಾರಿ ಸೀಮೆ ಮದರಾಸನ್ನು ಬಿಟ್ಟು ಮೈಸೂರನ್ನು ಸೇರಿದ್ದೂ ಅದೇ ವರ್ಷ. 1986ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಈಗ ಅದನ್ನು ಹೊರಡಿಸುತ್ತದೆ. ಅದರಲ್ಲಿ ಸೇರುವುದು ಊರಲ್ಲಿ ನಡೆದ ಅಪರಾಧವಲ್ಲ, ಠಾಣೆ ಬರೆದುಕೊಂಡ ಅಪರಾಧ. ಒಂದೇ ಪ್ರಕರಣದಲ್ಲಿ ನಾಲ್ಕು ಅಪರಾಧಗಳಿದ್ದರೆ ಹೆಚ್ಚು ಶಿಕ್ಷೆಯ ಒಂದನ್ನೇ ಎಣಿಸುತ್ತಾರೆ. ದಾಖಲಾತಿ ಹೆಚ್ಚಿದ ಮಾತ್ರಕ್ಕೆ ಅಪರಾಧವೇ ಹೆಚ್ಚಿತೆಂದು ತಿಳಿಯಬಾರದೆಂದು ಬ್ಯೂರೋವೇ ಎಚ್ಚರಿಸಿದೆ. ಆದರೂ ಆಳುವವರು "ಇಳಿಯಿತು" ಎಂದು ಡಂಗುರ ಹೊಡೆಯುವುದೂ, ಎದುರು ಪಕ್ಷದವರು "ಏರಿತು" ಎಂದು ಕೂಗುವುದೂ ನಿಂತಿಲ್ಲ.

ದೋಷಾರೋಪ ಪಟ್ಟಿಯ ಶೇಕಡಾ ಲೆಕ್ಕ ಇನ್ನೂ ಜಾಣತನದ್ದು. ಉದಾಹರಣೆಗೆ, ನೂರು ಪ್ರಕರಣಗಳು ಬಂದವೆನ್ನಿ. ನಲವತ್ತನ್ನು ಮಾತ್ರ ವಿಲೇವಾರಿ ಮಾಡಿ, ಅವುಗಳಲ್ಲಿ ಮೂವತ್ತಕ್ಕೆ ಪಟ್ಟಿ ಹಾಕಿದರೆ ವರದಿಯಲ್ಲಿ ಶೇಕಡಾ 75! ಕಪಾಟಿನಲ್ಲಿ ಧೂಳು ತಿನ್ನುತ್ತಿರುವ ಅರವತ್ತು ಲೆಕ್ಕಕ್ಕೇ ಇಲ್ಲ. ಶಿಕ್ಷೆಯ ಪ್ರಮಾಣವನ್ನು ಹೇಳುವುದೂ ವಿಚಾರಣೆ ಮುಗಿದ ಮೊಕದ್ದಮೆಗಳ ಮೇಲೆಯೇ. ಕಿರಾಣಿ ಅಂಗಡಿಯವನು ಹೀಗೆ ತೆರಿಗೆಯ ಲೆಕ್ಕ ಒಪ್ಪಿಸಿದರೆ ಸರಕಾರ ಸುಮ್ಮನೆ ಬಿಡುವುದೇ?

ಇದು ಸಾಲದೆಂಬಂತೆ, 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳುವನ್ನು, ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೋಲೀಸರು ತನಿಖೆ ಮಾಡಲಾಗದ ಸಾಲಿಗೆ ಇಳಿಸಲಾಗಿದೆ. ಸಾಹುಕಾರನಿಗೆ ಐದು ಸಾವಿರ ಒಂದು ಹೊತ್ತಿನ ಔತಣದ ಖರ್ಚು; ತರಕಾರಿ ಗಾಡಿಯವಳಿಗೆ ಅದೇ ಇಡೀ ಬಂಡವಾಳ. ಗಿರಣಿ ಕೂಲಿಕಾರನ ಹಳೆಯ ಸೈಕಲ್ಲು ಹೋದರೆ ದೇಶದ ಅಪರಾಧ ವರದಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ಬಡವನ ಕಳುವು ಕಳುವಲ್ಲವೆ?

ಲೆಕ್ಕವನ್ನು ಏರಿಸಬೇಕಾದಾಗಲೂ ಬಡವನೇ ಬೇಕು. ಮಟ್ಕಾ ಚೀಟಿ ಬರೆಯುವ ಹುಡುಗ ಸಿಗುತ್ತಾನೆ, ಬುಕ್ಕಿ ಸಿಗುವುದಿಲ್ಲ. ಹೆಲ್ಮೆಟ್ಟಿಲ್ಲದ ಕೂಲಿಯವನಿಗೆ ದಂಡ ಬೀಳುತ್ತದೆ, ಮರಳಿನ ಲಾರಿ ಮುಂದೆ ಹೋಗುತ್ತದೆ.

ಕಾನ್‌ಸ್ಟೇಬಲ್ಲನ ಮೇಲೆ ನಮಗೆ ಹಗೆಯಿಲ್ಲ. ಅವನೂ ದುಡಿಯುವವನೇ. ಸಂಬಳ, ರಜೆ, ಮೇಲಿನವರ ಕಿರುಕುಳ ಇವುಗಳಿಗಾಗಿ 2016ರ ಜೂನ್ 4ರಂದು ಈ ರಾಜ್ಯದ ಪೋಲೀಸರು ಸಾಮೂಹಿಕ ರಜೆ ಹಾಕಲು ಹೊರಟಾಗ, ಸರಕಾರ ಎಸ್ಮಾ ಕಾಯ್ದೆಯನ್ನು ತೋರಿಸಿತು. ಮೇಲಿನಿಂದ ಅಂಕಿಯ ಚಾಟಿ ಬೀಳುವುದು ಅವನ ಬೆನ್ನಿಗೆ. ಅವನ ಸಿಟ್ಟು ಇಳಿಯುವುದು ನಮ್ಮ ಮೇಲೆ.

ಬೇರೆ ದಾರಿ ಇಲ್ಲವೆ? ಉಂಟು. ಇಂಗ್ಲೆಂಡಿನಲ್ಲಿ 1982ರಿಂದ, ಠಾಣೆಯ ಪುಸ್ತಕವನ್ನು ನಂಬಿ ಕೂರದೆ, ಮನೆಮನೆಗೆ ಹೋಗಿ "ನಿಮಗೆ ಏನು ಅನ್ಯಾಯವಾಯಿತು?" ಎಂದು ಕೇಳುವ ಸಮೀಕ್ಷೆ ನಡೆದುಬಂದಿದೆ. 2014ರಲ್ಲಿ ಅಲ್ಲಿನ ತನಿಖಾಧಿಕಾರಿಗಳು, ಪೋಲೀಸರಿಗೆ ತಿಳಿಸಿದ ಅಪರಾಧಗಳಲ್ಲಿ ಸುಮಾರು ಐದರಲ್ಲಿ ಒಂದು ಪುಸ್ತಕವನ್ನೇ ಸೇರಿಲ್ಲವೆಂದು ಬಯಲು ಮಾಡಿದರು. ಅದೇ ವರ್ಷ ಪೋಲೀಸರ ಅಂಕಿಗಳಿಗಿದ್ದ ಅಧಿಕೃತ ಮುದ್ರೆಯನ್ನು ಕಿತ್ತುಹಾಕಲಾಯಿತು. ಆ ಧೈರ್ಯ ನಮ್ಮ ಸರಕಾರಕ್ಕೆ ಏಕಿಲ್ಲ?

ನಮ್ಮ ಬೇಡಿಕೆ ದೊಡ್ಡದಲ್ಲ. ಎಷ್ಟು ಫಿರ್ಯಾದು ಬಂದವು, ಎಷ್ಟನ್ನು ದಾಖಲಿಸಿದರು, ಎಷ್ಟನ್ನು ಯಾವ ಕಾರಣಕ್ಕೆ ಹಿಂದಿರುಗಿಸಿದರು, ಎಷ್ಟಕ್ಕೆ ಸುಳ್ಳು ಎಂದು ಬಿ ರಿಪೋರ್ಟು ಬರೆದರು ಎಂಬುದನ್ನು ಪ್ರತಿ ತಿಂಗಳು ಪ್ರತಿ ಠಾಣೆಯ ಹಲಗೆಯ ಮೇಲೆ ಬರೆಯಲಿ. ದಾಖಲೆ ಹೆಚ್ಚಾಯಿತೆಂದು ಯಾವ ಅಧಿಕಾರಿಗೂ ಛೀಮಾರಿ ಬೇಡ. ಪೋಲೀಸರಲ್ಲದವರಿಂದ ಮನೆಮನೆಯ ಸಮೀಕ್ಷೆ ನಡೆಯಲಿ.

ಅಲ್ಲಿಯತನಕ ನಾವು ಕೈಕಟ್ಟಿ ಕೂರಬೇಕಿಲ್ಲ. ತನಿಖೆಗೆ ಅರ್ಹವಾದ ಅಪರಾಧದ ಸುದ್ದಿ ಬಂದರೆ ಎಫ್.ಐ.ಆರ್. ಬರೆಯಲೇಬೇಕೆಂದು ಸುಪ್ರೀಂ ಕೋರ್ಟು 2013ರ ನವೆಂಬರ್ 12ರಂದು ಲಲಿತಾ ಕುಮಾರಿ ಮೊಕದ್ದಮೆಯಲ್ಲಿ ತೀರ್ಪಿತ್ತಿದೆ. ಅದರ ಪ್ರತಿಯನ್ನು ಕಾಸು ಕೇಳದೆ ಕೊಡಬೇಕು. ಬರೆದುಕೊಳ್ಳದಿದ್ದರೆ ಜಿಲ್ಲಾ ಸೂಪರಿಂಟೆಂಡೆಂಟರಿಗೆ ಅಂಚೆಯಲ್ಲಿ ಕಳಿಸಿ; ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಕೂಡಿ ಹೋಗಿ. ಕಳುವಾದದ್ದನ್ನು "ಮರೆತೆ" ಎಂದು ಮಾತ್ರ ಎಂದಿಗೂ ಬರೆದುಕೊಡಬೇಡಿ. ಹಾಗೆ ಬರೆದುಕೊಟ್ಟ ದಿನ ನಮ್ಮ ಗಂಟಿನ ಜೊತೆಗೆ ನಮ್ಮ ಬಾಯಿಯೂ ಹೋಯಿತೆಂದು ತಿಳಿಯಿರಿ.