ಬಾಗಿಲಲ್ಲಿ ನಮ್ಮ ಚೀಲ, ಬಿಲ್ಲಿನಲ್ಲಿ ಅವರ ಚೀಲ

ನಮ್ಮ ಹೊಸದುರ್ಗದಲ್ಲಿ ಸಾಮಾನು ತರಲು ಹೊರಟವನ ಕೈಯಲ್ಲಿ ಚೀಲ ಕಾಣದಿದ್ದರೆ, ಎದುರು ಸಿಕ್ಕವರು “ಏನಪ್ಪಾ, ಕೈ ಬೀಸಿಕೊಂಡು ಹೊರಟೆ?” ಎಂದು ಕೇಳುತ್ತಿದ್ದ ಕಾಲವೊಂದಿತ್ತು. ಸಂತೆಗೆ ಗೋಣಿಚೀಲ, ತರಕಾರಿಗೆ ವೈರಿನ ಚೀಲ, ಎಣ್ಣೆಗೆ ಡಬ್ಬಿ, ಎಲ್ಲವೂ ಮನೆಯಿಂದಲೇ ಹೊರಡುತ್ತಿದ್ದವು. ಇದನ್ನು ನಮಗೆ ಯಾರೂ ಭಾಷಣ ಮಾಡಿ ಕಲಿಸಿರಲಿಲ್ಲ. ನಡುವೆ ಪ್ಲಾಸ್ಟಿಕ್ ಚೀಲ ಪುಕ್ಕಟೆಯಾಗಿ ಬಂದಿತು. ನಾವು ಕೈ ಬೀಸಿಕೊಂಡು ಹೋಗುವುದನ್ನು ಕಲಿತೆವು. ಆ ತಪ್ಪು ನಮ್ಮದೇ. ಅದನ್ನು ಒಪ್ಪಿಕೊಂಡೇ ಜಗಳಕ್ಕೆ ನಿಲ್ಲುತ್ತೇನೆ.

ಜಗಳಕ್ಕೆ ಕಾರಣ ಇದು. ಈಚೆಗೆ ಬೆಂಗಳೂರಿನ ಮಗಳ ಮನೆಗೆ ಹೋದವನು, ಒಂದು ದೊಡ್ಡ ಅಂಗಡಿಗೆ ಸಾಮಾನು ತರಲು ಹೋದೆ. ಕೈಯಲ್ಲಿ ಬಟ್ಟೆಯ ಚೀಲವಿತ್ತು. ಯಾವುದೋ ಮದುವೆಯಲ್ಲಿ ತೆಂಗಿನಕಾಯಿ ಹಾಕಿ ಕೊಟ್ಟ ತಾಂಬೂಲದ ಚೀಲ, ವಧೂವರರ ಹೆಸರು ಇನ್ನೂ ಮಾಸಿರಲಿಲ್ಲ. ಬಾಗಿಲಿನ ಕಾವಲುಗಾರ “ಚೀಲ ಒಳಗೆ ಬಿಡೋದಿಲ್ಲ ಯಜಮಾನ್ರೆ” ಎಂದು ಅದನ್ನು ಗೂಡಿನಲ್ಲಿಟ್ಟು ಟೋಕನ್ ಕೊಟ್ಟ. ಒಳಗೆ ಬೇಳೆ, ಬೆಲ್ಲ, ಸಾಬೂನು ಆರಿಸಿಕೊಂಡೆ. ಹಣ ಪಡೆಯಲು ಮನುಷ್ಯರಿಲ್ಲ, ಯಂತ್ರವಿದೆ. ಒಂದೊಂದೇ ಪೊಟ್ಟಣವನ್ನು ನಾವೇ ಅದರ ಕಣ್ಣಿಗೆ ಹಿಡಿಯಬೇಕು. ಎಲ್ಲ ಮುಗಿದ ಮೇಲೆ ಅದು ಕೇಳಿತು: ಚೀಲ ಎಷ್ಟು ಬೇಕು?

ನನ್ನ ಚೀಲ ಬಾಗಿಲಲ್ಲಿದೆಯೆಂದು ಯಂತ್ರಕ್ಕೆ ಹೇಳುವುದು ಹೇಗೆ? ಹಿಂದೆ ಸಾಲು ಬೆಳೆಯುತ್ತಿತ್ತು. ಒಂದು ಎಂದು ಒತ್ತಿದೆ. ಹದಿನೈದು ರೂಪಾಯಿ ಏರಿತು. ಪಕ್ಕದ ಯಂತ್ರದ ಬಳಿಯಿದ್ದ ಒಬ್ಬಾಕೆ ಏನನ್ನೂ ಒತ್ತದೆ, ಪೊಟ್ಟಣಗಳನ್ನು ಸೆರಗಿನಲ್ಲಿ ತುಂಬಿಕೊಂಡು ಹೊರಟೇಹೋದರು. ನನಗಿಂತ ಜಾಣೆ! ಜನ ಹೀಗೆಯೇ ಹೊಂದಿಕೊಂಡಿದ್ದಾರೆ. ಕೆಲವರು ತಳ್ಳುಗಾಡಿಯನ್ನೇ ಕಾರಿನವರೆಗೆ ನೂಕುತ್ತಾರೆ. ಕೆಲವರು ಎರಡು ಕೈಯಲ್ಲೂ ಅಪ್ಪಿಕೊಂಡು ಓಡುತ್ತಾರೆ. ಉಳಿದವರು ಸುಮ್ಮನೆ ಹಣ ತೆರುತ್ತಾರೆ. ಮಗಳ ಅಡಿಗೆಮನೆಯಲ್ಲಿ ಹೀಗೆ ಕೊಂಡ ಚೀಲಗಳನ್ನು ತುಂಬಿಡಲಿಕ್ಕೇ ಒಂದು ಚೀಲವಿದೆ.

ಇದೆಲ್ಲ ಪರಿಸರಕ್ಕಾಗಿ ಎನ್ನುತ್ತಾರೆ. ಪ್ಲಾಸ್ಟಿಕ್ ಚೀಲವನ್ನು ಪುಕ್ಕಟೆ ಕೊಡಕೂಡದೆಂದು 2011ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದ್ದು ನಿಜ. ಬೆಲೆಗೆ ಅಂಜಿಯಾದರೂ ಜನ ಮನೆಯ ಚೀಲ ತರಲಿ ಎಂಬುದು ಅದರ ಆಶಯ. 2016ರಲ್ಲಿ ಕರ್ನಾಟಕ ಪ್ಲಾಸ್ಟಿಕ್ ಕೈಚೀಲವನ್ನೇ ನಿಷೇಧಿಸಿತು. ನನಗೆ ಮಾರಿದ್ದು ಬಟ್ಟೆಯ ಚೀಲ. ಕಾರಣ ಹೋಯಿತು, ಬೆಲೆ ಉಳಿಯಿತು! ಮನೆಯ ಚೀಲ ತಂದವನನ್ನು ಬಾಗಿಲಲ್ಲಿ ತಡೆದು, ಅವನಿಗೇ ಒಳಗೆ ಇನ್ನೊಂದು ಚೀಲ ಮಾರುವುದು ಪರಿಸರಪ್ರೇಮವೆ?

ಐರ್ಲೆಂಡಿನಲ್ಲಿ 2002ರಲ್ಲಿ ಪ್ಲಾಸ್ಟಿಕ್ ಚೀಲವೊಂದಕ್ಕೆ 15 ಸೆಂಟ್ ಸುಂಕ ಹಾಕಿದರು. ಚೀಲದ ಬಳಕೆ ನೂರಕ್ಕೆ ತೊಂಬತ್ತರಷ್ಟು ಇಳಿಯಿತು. ಆ ಹಣ ಸೇರಿದ್ದು ಸರ್ಕಾರದ ಪರಿಸರ ನಿಧಿಗೆ. ನನ್ನ ಹದಿನೈದು ರೂಪಾಯಿ ಸೇರಿದ್ದು ಅಂಗಡಿಯ ಗಲ್ಲಾಪೆಟ್ಟಿಗೆಗೆ. ಸಾಲದೆಂದು ಚೀಲದ ಎರಡು ಮೈಮೇಲೂ ಅಂಗಡಿಯ ಹೆಸರು. ಜಾಹೀರಾತು ಹೊತ್ತವನಿಗೆ ಕೂಲಿ ಕೊಡುವುದು ಲೋಕರೂಢಿ. ಇಲ್ಲಿ ಹೊತ್ತವನೇ ಕೂಲಿ ತೆರಬೇಕು.

ಇದು ಮುದುಕನ ಗೊಣಗಾಟವೆನ್ನಬೇಡಿ. ಸರಕನ್ನು ಒಯ್ಯುವ ಸ್ಥಿತಿಗೆ ತರುವ ಖರ್ಚು, ಬೇರೆ ಒಪ್ಪಂದವಿಲ್ಲದಿದ್ದರೆ, ಮಾರುವವನದೆಂದು 1930ರ ಸರಕು ಮಾರಾಟ ಕಾಯಿದೆಯೇ ಹೇಳುತ್ತದೆ. ಮೊದಲೇ ತಿಳಿಸದೆ ಹಣ ಕಟ್ಟುವ ಹೊತ್ತಿನಲ್ಲಿ ಚೀಲದ ಬೆಲೆ ಹೇರುವುದು ಅನುಚಿತ ವ್ಯಾಪಾರವೆಂದು 2020ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಬಿಗ್ ಬಜಾರ್ ಪ್ರಕರಣದಲ್ಲಿ ಹೇಳಿತು. ತನ್ನ ಹೆಸರಿರುವ ಚೀಲಕ್ಕೆ 20 ರೂಪಾಯಿ ಪಡೆದ ಐಕಿಯಾ, ಅದನ್ನು ಹಿಂದಿರುಗಿಸಿ ಪರಿಹಾರವನ್ನೂ ಕೊಡಬೇಕೆಂದು 2023ರಲ್ಲಿ ಬೆಂಗಳೂರಿನ ಗ್ರಾಹಕ ಆಯೋಗವೊಂದು ಆದೇಶಿಸಿತು. ಆದರೆ ಹದಿನೈದು ರೂಪಾಯಿಗಾಗಿ ಆಯೋಗದ ಮೆಟ್ಟಿಲು ಹತ್ತುವವರು ಎಷ್ಟು ಮಂದಿ? ನಾವು ಹತ್ತುವುದಿಲ್ಲವೆಂಬ ಧೈರ್ಯದ ಮೇಲೆಯೇ ಈ ವ್ಯಾಪಾರ ನಿಂತಿದೆ.

ಕಳ್ಳತನದ ಭಯವಿದೆ ಎನ್ನುವಿರಾ? ಖಾಲಿ ಚೀಲವನ್ನು ಬಾಗಿಲಲ್ಲಿ ನೋಡಿ ಒಳಗೆ ಬಿಡಿ. ಸಾಮಾನು ತಳ್ಳುಗಾಡಿಯಲ್ಲಿರಲಿ, ಬಿಲ್ಲಾದ ಮೇಲೆ ಚೀಲ ಬಿಚ್ಚಿದರಾಯಿತು. ಚೀಲ ಮಾರಲೇಬೇಕೆಂದರೆ ಮಾರಿ. ಬೆಲೆಯನ್ನು ಬಾಗಿಲಲ್ಲೇ ದಪ್ಪಕ್ಷರದಲ್ಲಿ ಬರೆಯಿರಿ, ನಿಮ್ಮ ಹೆಸರನ್ನು ಮಾತ್ರ ನಮ್ಮ ಖರ್ಚಿನಲ್ಲಿ ಮೆರೆಸಬೇಡಿ.

ಇನ್ನು ನಮ್ಮ ಪಾಲಿನ ಕೆಲಸ. ಚೀಲ ಒಯ್ಯೋಣ. ಬಾಗಿಲಲ್ಲಿ ತಡೆದರೆ, “ಸಾಮಾನು ಇದರಲ್ಲೇ ಒಯ್ಯುವುದು” ಎಂದು ಸಮಾಧಾನವಾಗಿಯೇ ಹೇಳೋಣ. ಆಗಲೂ ಬಿಡದಿದ್ದರೆ ಹಿಂದಿರುಗಿ ಕಿರಾಣಿ ಅಂಗಡಿಗೆ ನಡೆಯೋಣ. ಹೊಸದುರ್ಗದಲ್ಲಿ ನಾನು ಹೋಗುವ ಅಂಗಡಿಯ ಶೆಟ್ಟರು ಇಂದಿಗೂ ನನ್ನ ಚೀಲದ ಬಾಯನ್ನು ತಾವೇ ಹಿಡಿದು ಬೇಳೆಯ ಪೊಟ್ಟಣ ಇಳಿಸುತ್ತಾರೆ. ಮದುವೆಯ ಚೀಲವಾದರೆ ವಧೂವರರ ಹೆಸರು ಓದಿ, ಯಾರ ಮನೆಯವರೆಂದು ವಿಚಾರಿಸುತ್ತಾರೆ. ಅದಕ್ಕೇನೂ ಹಣ ಹಿಡಿಯುವುದಿಲ್ಲ.