ಮುಳುಗಿದ ಹಡಗಿನ ಸ್ಟಾಂಪು ಕೂಡಿಡುವುದು ತಪ್ಪೇ?



ನಮ್ಮ ತರಗತಿಯಲ್ಲಿ ಈಗ ಟೈಟಾನಿಕ್ ಸ್ಟಾಂಪಿನ ಹುಚ್ಚು ಜೋರಾಗಿದೆ. ಕೆಲವರು ಕೂಡಿಡುತ್ತಾರೆ, ಕೆಲವರು ಅವರನ್ನು ನೋಡಿ ನಗುತ್ತಾರೆ. ಮುಳುಗಿದ ಹಡಗಿನ ಚಿತ್ರ ಮನೇಲಿಟ್ಟರೆ ಅಪಶಕುನ ಅಂತ ಒಬ್ಬರು. ಹಾಸನ ಜಿಲ್ಲೆಗೆ ಸಮುದ್ರವೇ ಇಲ್ಲ, ನಮಗ್ಯಾಕೆ ಹಡಗು ಅಂತ ಇನ್ನೊಬ್ಬರು. ನನ್ನ ಅಭಿಪ್ರಾಯ ಎರಡು ಕಡೆಯವರಿಗೂ ಹಿಡಿಸಲಿಕ್ಕಿಲ್ಲ. ಕೂಡಿಡಬೇಕು. ಆದರೆ ಈಗ ಕೂಡಿಡುತ್ತಿರುವ ರೀತಿ ಸರಿಯಿಲ್ಲ.

ಟೈಟಾನಿಕ್ 1912ರ ಏಪ್ರಿಲ್ 14ರ ರಾತ್ರಿ ಮಂಜಿನ ಗಡ್ಡೆಗೆ ತಗುಲಿ, 15ರ ಬೆಳಗಿನ ಜಾವ ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿತು. ಸತ್ತವರು 1500ಕ್ಕೂ ಹೆಚ್ಚು. ಇದು ಸಿನಿಮಾ ನೋಡಿದವರಿಗೆಲ್ಲ ಗೊತ್ತು. ಆದರೆ ಅದರ ಹೆಸರಿನ ಹಿಂದೆ ಆರ್.ಎಂ.ಎಸ್. ಅಂತ ಏಕಿದೆ? ನಮ್ಮ ಕಡೆ ಆರ್.ಎಂ.ಎಸ್. ಅಂದರೆ ರೈಲ್ವೆ ಮೇಲ್ ಸರ್ವೀಸ್. ಅಲ್ಲಿ ರಾಯಲ್ ಮೇಲ್ ಷಿಪ್, ಅಂದರೆ ಟಪಾಲು ಸಾಗಿಸುವ ಹಡಗು! ಅದರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಟಪಾಲು ಚೀಲಗಳಿದ್ದವು. ಅವನ್ನು ವಿಂಗಡಿಸಲು ಐದು ಜನ ಅಂಚೆ ಗುಮಾಸ್ತರಿದ್ದರು. ಅಮೆರಿಕದ ಮಾರ್ಚ್, ವುಡಿ, ಗ್ವಿನ್. ಬ್ರಿಟನ್ನಿನ ಸ್ಮಿತ್, ವಿಲಿಯಮ್‌ಸನ್. ಕೋಣೆಗೆ ನೀರು ನುಗ್ಗುತ್ತಿದ್ದರೂ ಅವರು ಚೀಲಗಳನ್ನು ಮೇಲಕ್ಕೆ ಎಳೆದು ತರುತ್ತಿದ್ದರಂತೆ. ಐವರೂ ಸತ್ತರು. ಮಳೆ ಬಂದರೆ ನಮ್ಮೂರ ಅಂಚೆಯಣ್ಣ ತಾನು ನೆನೆದುಕೊಂಡು ಚೀಲಕ್ಕೆ ಪ್ಲಾಸ್ಟಿಕ್ ಹೊದಿಸುವುದನ್ನು ನಾವೆಲ್ಲ ನೋಡಿದ್ದೇವೆ. ಹಾಗಾಗಿ ಸ್ಟಾಂಪು ಕೂಡಿಡುವವರಿಗೆ ಈ ಹಡಗಿಗಿಂತ ಹತ್ತಿರದ ಹಡಗು ಬೇರೊಂದಿಲ್ಲ ಅಂತ ನನಗನ್ನಿಸುತ್ತದೆ.

ಆದರೆ ನಾವು ದುಡ್ಡು ಕೊಟ್ಟು ಕೊಳ್ಳುತ್ತಿರುವುದು ಏನನ್ನು? ನೂರು ವರ್ಷ ತುಂಬಿದ 2012ರಲ್ಲಿ ಎಷ್ಟೋ ದೇಶಗಳು ಟೈಟಾನಿಕ್ ಸ್ಟಾಂಪು ಹೊರಡಿಸಿದವು. ಕೆನಡಾ ಹೊರಡಿಸಿದ್ದಕ್ಕೆ ಅರ್ಥವಿದೆ, ಸತ್ತವರಲ್ಲಿ 150 ಜನರನ್ನು ಮಣ್ಣು ಮಾಡಿದ್ದು ಅಲ್ಲಿನ ಹ್ಯಾಲಿಫ್ಯಾಕ್ಸ್ ಊರಿನಲ್ಲಿ. ಅಮೆರಿಕ 2000ದಲ್ಲಿ ಸಿನಿಮಾದ ನೆನಪಿಗೇ ಒಂದು ಸ್ಟಾಂಪು ಮಾಡಿತು, ಹೋಗಲಿ ಬಿಡಿ. ಹಡಗಿಗೂ ತಮಗೂ ಸಂಬಂಧವೇ ಇಲ್ಲದ ದೇಶಗಳೂ ನಮ್ಮಂಥವರಿಗೆ ಮಾರಲೆಂದೇ ಬಣ್ಣಬಣ್ಣದ ಹಾಳೆ ಅಚ್ಚು ಹಾಕಿಸಿವೆ. ಪತ್ತೆ ಹಚ್ಚಲು ಒಂದು ಉಪಾಯವಿದೆ. ಸ್ಟಾಂಪಿನ ಮೂಲೆಯಲ್ಲಿ ಅಚ್ಚುಕಟ್ಟಾಗಿ ಮುದ್ರೆ ಬಿದ್ದಿದ್ದು, ಹಿಂದೆ ಗೋಂದು ಹಾಗೇ ಇದ್ದರೆ ಅದು ಯಾವ ಕಾಗದದ ಮೇಲೂ ಕೂತದ್ದಲ್ಲ. ಒಂದೂರಿಂದ ಇನ್ನೊಂದೂರಿಗೆ ಹೋಗದ ಸ್ಟಾಂಪು ಎಂಥ ಸ್ಟಾಂಪು? ಬಸ್ ಹತ್ತದವನ ಕೈಲಿರೋ ಟಿಕೆಟ್ ಅಷ್ಟೇ.

ಅದೇ ಆಲ್ಬಮ್ಮುಗಳಲ್ಲಿ ನಮ್ಮ ದೇಶದ ಮುಳುಗಿದ ಹಡಗು ಎಲ್ಲಿ? 1971ರ ಯುದ್ಧದಲ್ಲಿ, ಡಿಸೆಂಬರ್ 9ರ ರಾತ್ರಿ, ದಿಯು ಹತ್ತಿರದ ಸಮುದ್ರದಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿ ನಮ್ಮ ಐ.ಎನ್.ಎಸ್. ಖುಕ್ರಿಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ತಮ್ಮ ಲೈಫ್ ಜಾಕೆಟ್ಟನ್ನು ನಾವಿಕನೊಬ್ಬನಿಗೆ ಕೊಟ್ಟು ಹಡಗಿನ ಜೊತೆಗೇ ಮುಳುಗಿದರು. ಅವರ ಸ್ಟಾಂಪನ್ನು ನಮ್ಮ ಅಂಚೆ ಇಲಾಖೆ 2000ದಲ್ಲಿ ಹೊರಡಿಸಿತು, ಬೆಲೆ ಮೂರು ರೂಪಾಯಿ. ಟೈಟಾನಿಕ್ ಕ್ಯಾಪ್ಟನ್ ಹೆಸರು ಹೇಳು ಅಂದರೆ ನಮ್ಮ ತರಗತಿಯ ನಾಲ್ಕು ಜನ ಹೇಳಿದರು. ಮುಲ್ಲಾ ಹೆಸರು ಒಬ್ಬರೂ ಹೇಳಲಿಲ್ಲ.

ಇನ್ನು, ಹಾಸನಕ್ಕೆ ಸಮುದ್ರವಿಲ್ಲ ಅನ್ನುವವರಿಗೆ. ಸಮುದ್ರ ಇಲ್ಲ, ಹೇಮಾವತಿ ಇದ್ದಾಳೆ. 1979ರಲ್ಲಿ ಗೊರೂರು ಅಣೆಕಟ್ಟು ಮುಗಿದ ಮೇಲೆ ಹಿನ್ನೀರಿನಲ್ಲಿ ಎಷ್ಟು ಊರು ಹೋದವು ಅಂತ ಮನೆಯಲ್ಲಿ ಹಿರಿಯರನ್ನು ಕೇಳಿ. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಶೆಟ್ಟಿಹಳ್ಳಿ ಚರ್ಚು ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುತ್ತದೆ. ಪೇಟೆಯವರು ಬಂದು ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮಜ್ಜಿಯ ತವರೂ ಆ ನೀರಿನಲ್ಲೇ ಇದೆ. ನನ್ನ ಟೈಟಾನಿಕ್ ಸ್ಟಾಂಪು ನೋಡಿ ಅಜ್ಜಿ ಕೇಳಿದ್ದು ಇಷ್ಟೇ: "ನಮ್ಮೂರೂ ಮುಳುಗ್ತಲ್ಲ ಮಗಾ, ಅದುಕ್ಕೆ ಯಾರು ಸ್ಟಾಂಪು ಮಾಡವ್ರೆ?"

ಈ ಪ್ರಶ್ನೆ ಅಂಚೆ ಇಲಾಖೆಗೇ ಕೇಳಬೇಕಾದ್ದು. ಹೊಸ ಸ್ಟಾಂಪು ಬೇಕೆಂದು ಯಾರು ಬೇಕಾದರೂ ಇಲಾಖೆಗೆ ಬರೆಯಬಹುದು. ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಗೊಮ್ಮಟನಿಗೆ ಸಾವಿರ ವರ್ಷ ತುಂಬಿದ 1981ರಲ್ಲಿ ಒಂದು ರೂಪಾಯಿಯ ಸ್ಟಾಂಪು ಬಂತು. ಮುಳುಗಡೆ ಊರುಗಳಿಗೆ ಯಾಕೆ ಬರಬಾರದು? ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ನಾಲ್ಕೂ ತಾಲ್ಲೂಕಿನ ಶಾಲೆಗಳಿಂದ ಕಾಗದ ಹೋದರೆ ಯಾರಾದರೂ ಒಬ್ಬರು ಬಿಚ್ಚಿ ಓದಿಯೇ ಓದುತ್ತಾರೆ. ಮೇಷ್ಟ್ರು ಒಪ್ಪಿದರೆ ಮೊದಲ ಕಾಗದ ನಮ್ಮ ಶಾಲೆಯಿಂದಲೇ ಹೋಗಲಿ. ಮುಳುಗಿದ ಊರುಗಳ ಹೆಸರು ಬರೆದುಕೊಳ್ಳಲು ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ, ನಿಮ್ಮ ಅಜ್ಜ ಅಜ್ಜಿಯನ್ನು ಕೇಳಿ ಬಂದು ಹೇಳಿ.

ಹಾಗೇ ಇನ್ನೊಂದು ವಿಷಯ. ಯಾರ ಮನೆಯ ಹಳೇ ಕಾಗದಗಳಲ್ಲಾದರೂ ಕ್ಯಾಪ್ಟನ್ ಮುಲ್ಲಾ ಸ್ಟಾಂಪು ಸಿಕ್ಕರೆ ಕಿತ್ತು ಹರಿಯಬೇಡಿ. ಕವರಿನ ಸಮೇತ ತನ್ನಿ, ಬದಲಿಗೆ ನನ್ನ ಹತ್ತಿರವಿರುವ ಎರಡು ಟೈಟಾನಿಕ್ ಕೊಡುತ್ತೇನೆ. ಗೋಂದೂ ಹಾಗೇ ಇದೆ!