ಪಣ ಅಲ್ಪವಾದರೂ ಅನರ್ಥವೇ

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕಾರ ನೀಡಿತು. ಆಟವು ಕೌಶಲದ್ದೋ ಅದೃಷ್ಟದ್ದೋ ಎಂಬ ಭೇದವನ್ನು ಈ ಕಾಯ್ದೆ ಮನ್ನಿಸುವುದಿಲ್ಲ. ಕರ್ನಾಟಕವು 2021ರಲ್ಲಿ ಇಂಥದೇ ತಿದ್ದುಪಡಿ ತಂದಿತ್ತು. ಕೌಶಲದ ಆಟವನ್ನು ಜೂಜೆನ್ನಲಾಗದೆಂಬ ನೆಲೆಯಲ್ಲಿ ಹೈಕೋರ್ಟ್ 2022ರ ಫೆಬ್ರುವರಿ 14ರಂದು ಅದರ ಮುಖ್ಯ ಅಂಶಗಳನ್ನು ರದ್ದುಪಡಿಸಿತು. ಕೇಂದ್ರದ ಹೊಸ ನಿಷೇಧವೂ ಆನ್‌ಲೈನ್ ಆಟಗಳಿಗಷ್ಟೇ ಸೀಮಿತ. ಪಣಜಿಯ ಮಾಂಡೋವಿ ನದಿಯ ಕ್ಯಾಸಿನೊ ಹಡಗುಗಳಲ್ಲಿ ಪೋಕರ್ ಮೇಜುಗಳು ಎಂದಿನಂತೆ ತೆರೆದೇ ಇವೆ.

ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದಂತಹ ಊರುಗಳಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಉದ್ಯೋಗ ಹಿಡಿದ ಯುವಕರು ಕಚೇರಿಯ ಕೆಲಸಕ್ಕಾಗಿ ಗೋವಾಕ್ಕೂ ಹೋಗಬೇಕಾಗುತ್ತದೆ. ಸಂಜೆ ಸಹೋದ್ಯೋಗಿಗಳು ಕರೆಯುತ್ತಾರೆ. “ಸಾವಿರ ರೂಪಾಯಿಯ ಆಟ, ಹೋದರೆ ಹೋಯಿತು, ಇದು ಬುದ್ಧಿಯ ಆಟ” ಎಂಬ ಸಮಾಧಾನವೂ ಸಿದ್ಧವಾಗಿರುತ್ತದೆ. ಶ್ರಾವಕನು ಈ ಎರಡು ಮಾತುಗಳನ್ನೂ ಪರಿಶೀಲಿಸಬೇಕು.

ಮೊದಲನೆಯದು ಬುದ್ಧಿಯ ಮಾತು. ಪೋಕರ್‌ನಲ್ಲಿ ಕೌಶಲವಿರುವುದು ನಿಜ. ಆದರೆ ಆ ಕೌಶಲದ ತಿರುಳೇನು? ಕೈಯಲ್ಲಿ ದುರ್ಬಲ ಎಲೆಗಳಿದ್ದಾಗ ಬಲವಿದೆಯೆಂದು ತೋರುವುದು, ಬಲವಿದ್ದಾಗ ಇಲ್ಲವೆಂದು ನಟಿಸುವುದು. ಎದುರಾಳಿಯನ್ನು ಭ್ರಮೆಗೆ ಕೆಡವಿದಷ್ಟೂ ಆಟಗಾರ ನಿಪುಣ. ಜಿನಾಗಮವು ಇದನ್ನು ಮಾಯಾ ಕಷಾಯವೆನ್ನುತ್ತದೆ. ಉಳಿದ ಮೂರು ಕಷಾಯಗಳೂ ಅದೇ ಮೇಜಿನ ಸುತ್ತ ಕುಳಿತಿರುತ್ತವೆ: ಗೆದ್ದವನಲ್ಲಿ ಮಾನ, ಸೋತವನಲ್ಲಿ ಕ್ರೋಧ, ಇಬ್ಬರಲ್ಲಿಯೂ ಲೋಭ. ನ್ಯಾಯಾಲಯದಲ್ಲಿ ಆಟವನ್ನು ಉಳಿಸಿದ ಕೌಶಲವೇ ಆತ್ಮನ ಕಟಕಟೆಯಲ್ಲಿ ಅದರ ವಿರುದ್ಧ ಸಾಕ್ಷಿಯಾಗುತ್ತದೆ. ಸಪ್ತವ್ಯಸನಗಳ ಸಾಲಿನಲ್ಲಿ ದ್ಯೂತವೇ ಮೊದಲು ನಿಂತಿರುವುದು ಆಕಸ್ಮಿಕವಲ್ಲ.

ಎರಡನೆಯದು ಅಲ್ಪ ಪಣದ ಮಾತು. ಹಣಕ್ಕಾಗಿ ಆಡಿದರೆ ಅದು ಲೋಭ. ಹಣ ಮುಖ್ಯವಲ್ಲವೆಂದರೆ ಆಟಕ್ಕೆ ಪ್ರಯೋಜನವೇ ಇಲ್ಲ. ಪ್ರಯೋಜನವಿಲ್ಲದೆ ಪಾಪಕ್ಕೆ ಎಡೆಮಾಡುವುದೇ ಅನರ್ಥದಂಡ. ಅಮೃತಚಂದ್ರ ಆಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ದ್ಯೂತವನ್ನು ಈ ಅನರ್ಥದಂಡದ ಪ್ರಸಂಗದಲ್ಲಿಯೇ ಎತ್ತಿಕೊಂಡು, ಅದನ್ನು ದೂರದಿಂದಲೇ ಬಿಡಬೇಕೆಂದು ಬೋಧಿಸಿದ್ದಾರೆ. ಇಲ್ಲಿ ‘ದೂರದಿಂದಲೇ’ ಎಂಬುದು ಗಮನಾರ್ಹ. ಮೇಜಿನ ಮುಂದೆ ಕುಳಿತ ಮೇಲೆ ಮಿತಿ ಹಾಕಿಕೊಳ್ಳುವುದು ಕಠಿಣ.

ಲೆಕ್ಕವೂ ಇದನ್ನೇ ಹೇಳುತ್ತದೆ. ಪೋಕರ್‌ನಲ್ಲಿ ಆಟಗಾರರು ಪರಸ್ಪರರ ಹಣವನ್ನೇ ಗೆಲ್ಲುತ್ತಾರೆ. ಮೇಜು ನಡೆಸುವವರು ತಮ್ಮ ಪಾಲನ್ನು ಕಡಿದುಕೊಳ್ಳುತ್ತಾರೆ. ಹೀಗಾಗಿ ಒಟ್ಟಾರೆ ಆಟಗಾರರ ಗುಂಪಿಗೆ ನಷ್ಟವೇ ಗತಿ. ಒಬ್ಬನ ಗೆಲುವೆಂದರೆ ಇನ್ನೊಬ್ಬನ ಮನೆಯ ಕೊರತೆ. ಗೋವಾ ಸರ್ಕಾರವು 2020ರ ಫೆಬ್ರುವರಿಯಿಂದ ತನ್ನ ನಿವಾಸಿಗಳು ಕ್ಯಾಸಿನೊಗಳಲ್ಲಿ ಆಡದಂತೆ ತಡೆಯಿತು. ಮನೆಯವರಿಗೆ ಸಲ್ಲದ್ದು ಅತಿಥಿಗೆ ಹೇಗೆ ಹಿತವಾದೀತು?

ಕರೆಯನ್ನು ನಿರಾಕರಿಸುವುದು ಸುಲಭವಲ್ಲವೆಂಬುದನ್ನೂ ಒಪ್ಪಬೇಕು. ಪರಸ್ಥಳದಲ್ಲಿ ನೋಡುವ ಹಿರಿಯರಿಲ್ಲ, ಜೊತೆಗಾರರ ಸ್ನೇಹ ಬೇಕು, ಸಂಜೆ ದೀರ್ಘವಾಗಿರುತ್ತದೆ. ಇಂತಹ ಸಂದರ್ಭಕ್ಕೆಂದೇ ಸಮಂತಭದ್ರ ಆಚಾರ್ಯರು ಶಿಕ್ಷಾವ್ರತಗಳಲ್ಲಿ ದೇಶಾವಕಾಶಿಕವನ್ನೂ ಸಾಮಾಯಿಕವನ್ನೂ ಹೇಳಿದ್ದಾರೆ. ಇಷ್ಟು ಕಾಲ ಇಷ್ಟೇ ಎಲ್ಲೆಯೊಳಗೆ ಸಂಚರಿಸುವೆನೆಂಬ ನಿಯಮ ಮೊದಲನೆಯದು. ಸಮಭಾವದಲ್ಲಿ ನೆಲೆಸುವ ಅಭ್ಯಾಸ ಎರಡನೆಯದು. ಹೊರಡುವ ಮುನ್ನವೇ ಎಲ್ಲೆಯನ್ನು ನಿಶ್ಚಯಿಸಿದವನಿಗೆ ಸಂಜೆಯ ಕರೆ ಬಂದಾಗ ಹೊಸದಾಗಿ ಯೋಚಿಸಬೇಕಾದ ಪ್ರಮೇಯವಿಲ್ಲ. “ನನಗೆ ನಿಯಮವಿದೆ, ಊಟಕ್ಕೆ ಜೊತೆಯಾಗುತ್ತೇನೆ” ಎಂದರೆ ಸ್ನೇಹವೂ ಕೆಡದು. ಜೊತೆಗಾರರನ್ನು ಹೀಗಳೆಯುವ ಅಗತ್ಯವೂ ಇಲ್ಲ. ಅದು ಮಾನಕ್ಕೆ ಮತ್ತೊಂದು ದಾರಿ.

ಕಾನೂನಿನ ಎಲ್ಲೆ ಹಡಗಿನ ಬಾಗಿಲಲ್ಲಿ ಬದಲಾಗುತ್ತದೆ. ವ್ರತದ ಎಲ್ಲೆಯಾದರೋ ಅದನ್ನು ಹೊತ್ತವನೊಡನೆ ಊರೂರಿಗೂ ನಡೆಯುತ್ತದೆ.